ಹೋಲ್ಡಾನ್

ಲಟಕ್ ಅನಿಸ್ತಾರೆ, ಅಂದಿದ್ದ ಡ್ರೈವರ್ ಹಾಲಪ್ಪ,
ಕುತ್ತಿಗೆ ಹಿಡಿದು ಹಿಂಗೊಮ್ಮೆ ಹಂಗೊಮ್ಮೆ,
ಕೋಳಿ ತಿರುವಿದಂಗೆ.
ಡಿಪೋದಲ್ಲಿ ಎಲ್ಲರೂ ನಕ್ಕರು.
ನಾನೂ ನಕ್ಕೆ,
ಬಲಕ್ಕೆ ತಿರುಗಲಾರದೆ ಎಡಗಡೆಯವರ ಜೊತೆಗಷ್ಟೇ ನಕ್ಕೆ.

ಅಶೋಕ ರಸ್ತೆಯ ರೈಲ್ವೆ ಗೇಟಿನ ಪಕ್ಕ,
ಪಾತ್ರೆ ಅಂಗಡಿಯ ಮೇಲೆ, ಹದಿನೇಳು ಮೆಟ್ಟಿಲು. ಎಣಿಸಿದೆ.
ಎಣಿಸುವುದು ನನ್ನ ಚಟ:
ತಲೆ, ಚಿಲ್ಲರೆ, ಇಳಿಯಬೇಕಾದವರ ಊರು.

ಗೋಡೆಗೆ ಎಲುಬಿನ ಹಂದರ ನೇತುಹಾಕಿರಬಹುದು ಅಂದುಕೊಂಡಿದ್ದೆ.
ಇದ್ದದ್ದು ಒಂದು ತಗ್ಗು ಮಂಚ, ಒಗೆದ ದುಪ್ಪಟಿ,
ಕಿಟಕಿಯ ಸರಳಿಗೆ ಒಣಹಾಕಿದ ಯಾವುದೋ ಮಗುವಿನ ಯೂನಿಫಾರಂ.
ಮುಬೀನಾ ಮೇಡಂ ನನ್ನ ಎಕ್ಸ್‌ರೇ ಬೆಳಕಿಗೆ ಹಿಡಿದರು,
ಕವರಿಗೆ ಹಾಕಿ ಪಕ್ಕಕ್ಕಿಟ್ಟು ಕೇಳಿದರು:
"ನಿಂತ್ಕೊಳ್ರಿ ಕೊಟ್ರಮ್ಮ.
ಭಾರ ಯಾವ ಕಾಲಾಗೈತಿ?"

ಇಂಥದ್ದನ್ನು ಯಾರೂ ಕೇಳಿರಲಿಲ್ಲ.
ಎಲ್ಲಿ ನೋವು ಅಂದಿದ್ದರು, ಎಷ್ಟು ದಿನದಿಂದ,
ಶುಗರ್ ಐತೇನು, ಯಜಮಾನ್ರು ಏನ್ ಮಾಡ್ತಾರೆ.
ಕಣ್ಣು ಮುಚ್ಚಿ ಹುಡುಕಿದೆ.
ಎಡಗಾಲು ನೆಲದ ಮೇಲಿತ್ತು.
ಬಲಗಾಲು ಇನ್ನೂ ಫುಟ್‌ಬೋರ್ಡಿನ ಮೇಲೆ.

ಬೋರಲು ಮಲಗಿಸಿ ಬೆನ್ನಿಗೆ ಎರಡು ಬೆರಳಿಟ್ಟರು,
ಮಳೆಯಲ್ಲಿ ನೆನೆದ ಹತ್ತರ ನೋಟನ್ನು
ಹರಿಯದಂತೆ ಬಿಡಿಸುತ್ತೇವಲ್ಲ,
ಅಷ್ಟೇ ಭಾರ.
"ನೀವೇನೂ ಮಾಡ್ಬ್ಯಾಡ್ರಿ.
ಬೆರಳು ಎಲ್ಲೈತಿ ಅಂತ ಗೊತ್ತಾದ್ರೆ ಸಾಕು."

ಗೊತ್ತಾಗಲಿಲ್ಲ.
ಆ ಜಾಗ ನನ್ನ ರೂಟಿನಲ್ಲೇ ಇರಲಿಲ್ಲ.
ಹತ್ತೊಂಬತ್ತು ವರ್ಷ ದಿನಾ ಹಾದುಹೋದರೂ
ಒಮ್ಮೆಯೂ ಸ್ಟಾಪ್ ಕೊಡದ ಊರು.

"ಎಡ ಭುಜ ಏನ್ ಹಿಡ್ಕೊಂಡೈತಿ?"
ಏನಿಲ್ರಿ, ಚೀಲ ಡಿಪೋದಾಗಿಟ್ಟು ಬಂದೀನಿ.
ಅಂದ ಮೇಲೆ ತಿಳಿಯಿತು.
ಚೀಲ ಅಲ್ಲಿದೆ.
ಭುಜ ಮಾತ್ರ ಇಲ್ಲಿ ಕಿವಿಯ ಹತ್ತಿರ ಏರಿ ನಿಂತಿದೆ,
ಇಲ್ಲದ ಪಟ್ಟಿ ಜಾರದಂತೆ.
ಭರಮಸಾಗರದ ಹಂಪಿಗೆ ಸೊಂಟ ಈಗಲೇ ಬಿಗಿದಿದೆ.
ಸೊನ್ನೆ ರೂಪಾಯಿಯ ಟಿಕೆಟಿಗೂ
ಅಷ್ಟೇ ದೂರ ಚಾಚಬೇಕಾದ ಬಲಗೈ
ಮಂಚದಂಚಿನಲ್ಲಿ ಕಂಬಿ ಹುಡುಕುತ್ತಿದೆ.
ಯಾರೋ ಯಾವಾಗಲೋ ಹೋಲ್ಡಾನ್ ಅಂದಿದ್ದಾರೆ,
ನಾನೇ ಅಂದಿರಬೇಕು,
ರೈಟ್ ಹೇಳಲು ಮರೆತಿದ್ದೇನೆ.

ಅಷ್ಟರಲ್ಲಿ ಕೆಳಗೆ ಗೇಟು ಬಿತ್ತು.
ಹಾರನ್ನು, ಬೈಗುಳ, ಒಬ್ಬ ಕಡಲೆಕಾಯಿಯವನ ಕೂಗು.
"ಗಾಡಿ ಹೋಗ್ಲಿ, ಸುಮ್ನಿರೋಣ," ಅಂದರು ಮೇಡಂ.
ಬೆರಳು ಅಲ್ಲೇ ಇತ್ತು.
ಗೂಡ್ಸು. ಉದ್ದದ್ದು.
ಮಂಚ ಸಣ್ಣಗೆ ನಡುಗಿತು, ಮಂಚದೊಳಗೆ ನಾನು,
ನನ್ನೊಳಗೆ ಒಂದೊಂದೇ ಡಬ್ಬಿ.
ಎಣಿಸತೊಡಗಿದೆ, ಮೂವತ್ತೊಂದಕ್ಕೆ ತಪ್ಪಿತು.
ಮತ್ತೆ ಮೊದಲಿಂದ ಎಣಿಸಲಿಲ್ಲ.

ಲಟಕ್ ಅನ್ನಲೇ ಇಲ್ಲ.
ಉಸಿರು ಮಾತ್ರ, ಎದೆಯಲ್ಲೇ ತಿರುಗಿಕೊಳ್ಳುತ್ತಿದ್ದದ್ದು,
ಹೊಕ್ಕುಳ ತನಕ ಹೋಗಿ ಬಂತು.
ಆಮೇಲೆ ಹೊಟ್ಟೆ ಗುರ್ ಅಂತು, ಇಡೀ ಕೋಣೆಗೆ ಕೇಳುವ ಹಾಗೆ.
ನಾಚಿಕೆಯಾಯಿತು.
"ಒಳ್ಳೇದು," ಅಂದರು.

ಎದ್ದಾಗ ತಲೆ ಹಗುರ, ಕಾಲು ಭಾರ.
ನಾಳೆ ಒಂಚೂರು ನೋಯಬಹುದು, ನಿದ್ದೆ ಬಂದ್ರೆ ತಡೀಬ್ಯಾಡ್ರಿ,
ಇನ್ನೂ ಮೂರ್ನಾಲ್ಕು ಸಲ ಬರಬೇಕು.
ಪೂರ್ತಿ ಹೋಗ್ತೈತೇನ್ರಿ, ಅಂದೆ.
"ಅದನ್ನ ನಾನು ಹೇಳಂಗಿಲ್ಲ," ಅಂದರು,
ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟರು.

ಮರುದಿನ ದುರ್ಗದ ಮೊದಲ ಟ್ರಿಪ್ಪು.
"ಲಟಕ್ ಅಂತೇನು?" ಕನ್ನಡಿಯೊಳಗಿಂದ ಹಾಲಪ್ಪ ಕೇಳಿದ.
ಇಲ್ಲ.
"ಮತ್ತೇನು ಮಾಡಿದ್ರು?"
ಹೇಳಲು ಹೊರಟೆ. ಮಾತು ಸಿಗಲಿಲ್ಲ.
ಆನಗೋಡಿನಲ್ಲಿ ಹುಲ್ಲಿನ ಹೊರೆಯ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು.
ಹೋಲ್ಡಾನ್, ಅಂದೆ.
ಬಸ್ಸು ನಿಂತಿತು, ಭುಜ ಕಿವಿಯ ಕಡೆಗೆ ಏರತೊಡಗಿತು.
ಏರುವುದನ್ನು ಇವತ್ತು ಕಂಡೆ.

ಇಳಿಯಮ್ಮ, ನಿನ್ನೂರು ಬಂತು,
ಅಂದೆ, ಮೆಲ್ಲಗೆ, ಅದಕ್ಕಷ್ಟೇ ಕೇಳುವಂತೆ.
ಪೂರ್ತಿ ಇಳಿಯಲಿಲ್ಲ.
ಒಂದು ಮೆಟ್ಟಿಲು.